ಡಿಸ್ಕ್ ಸೆಟ್ಟಿಂಗ್ ಬದಲಿಸಿದ ಮೇಲೆ ಕಂಪ್ಯೂಟರ್ ಏಳದಿದ್ದರೆ

ಬಯೋಸ್‌ನಲ್ಲಿ ಡಿಸ್ಕಿಗೆ ಸಂಬಂಧಿಸಿದ ಒಂದು ಆಯ್ಕೆಯನ್ನು ಬದಲಿಸಿದ ಮೇಲೆ, ಇಲ್ಲವೇ ಪಾರ್ಟಿಶನ್‌ಗಳನ್ನು ಹಿಗ್ಗಿಸಿ ಕುಗ್ಗಿಸಿದ ಮೇಲೆ, ಕಂಪ್ಯೂಟರ್ ನೀಲಿ ಅಥವಾ ಕಪ್ಪು ಪರದೆಯಲ್ಲಿ ನಿಂತುಬಿಡುವುದು ಅಪರೂಪದ ತೊಂದರೆಯೇನಲ್ಲ. ಇಂಥ ಹೆಚ್ಚಿನ ಪ್ರಕರಣಗಳಲ್ಲಿ ಡಿಸ್ಕಿನೊಳಗಿನ ಕಡತಗಳಿಗೆ ಏನೂ ಆಗಿರುವುದಿಲ್ಲ; ಅವುಗಳನ್ನು ತಲುಪುವ ದಾರಿ ಮಾತ್ರ ಎಲ್ಲೋ ಒಂದು ಕಡೆ ಕಡಿದಿರುತ್ತದೆ. ಆದರೂ ರಿಪೇರಿಗೆ ಕೊಟ್ಟರೆ ‘ಫಾರ್ಮ್ಯಾಟ್ ಹೊಡೆದು ಹೊಸದಾಗಿ ಓಎಸ್ ಹಾಕಬೇಕು’ ಎಂಬ ಮಾತೇ ಮೊದಲು ಕೇಳಿಬರುತ್ತದೆಯಾದ್ದರಿಂದ, ಸೆಟ್ಟಿಂಗ್ ಕೆಟ್ಟಾಗ ಉಳಿದಿದ್ದ ಕಡತಗಳು ರಿಪೇರಿಯ ಕೈಯಲ್ಲಿ ಅಳಿಯುವುದುಂಟು. ಯಂತ್ರ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಪರದೆಯಿಂದಲೇ ಓದಿಕೊಂಡು, ಡಿಸ್ಕಿನ ಮೇಲೆ ಏನನ್ನೂ ಬರೆಯದ ಕ್ರಮಗಳನ್ನು ಮೊದಲು ಮುಗಿಸಿ, ಬರೆಯುವ ಕ್ರಮಗಳನ್ನು ಕೊನೆಗಿಟ್ಟುಕೊಂಡರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಪವರ್ ಗುಂಡಿ ಒತ್ತಿದ ಕ್ಷಣದಿಂದ ಡೆಸ್ಕ್‌ಟಾಪ್ ಕಾಣಿಸಿಕೊಳ್ಳುವವರೆಗೆ ಕೆಲಸ ಮೂರು ಕೈ ಬದಲಾಗುತ್ತದೆ. ಮದರ್‌ಬೋರ್ಡಿನ ಚಿಪ್‌ನಲ್ಲಿ ಕುಳಿತಿರುವ ಫರ್ಮ್‌ವೇರ್, ಅಂದರೆ ಹಳೆಯ ಯಂತ್ರಗಳಲ್ಲಿ ಬಯೋಸ್ ಎಂದೂ ಈಚಿನವುಗಳಲ್ಲಿ ಯುಇಎಫ್‌ಐ ಎಂದೂ ಕರೆಯಲಾಗುವ ಮೂಲ ತಂತ್ರಾಂಶವು, ಮೊದಲು ಎದ್ದು ಡಿಸ್ಕನ್ನು ಹುಡುಕುತ್ತದೆ. ಅದು ಡಿಸ್ಕಿನಿಂದ ಬೂಟ್ ಲೋಡರ್ ಎಂಬ ಚಿಕ್ಕ ಪ್ರೋಗ್ರಾಮನ್ನು ಮೆಮೊರಿಗೆ ತಂದು ಓಡಿಸುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಬೂಟ್ ಮ್ಯಾನೇಜರ್ ಎಂದೂ ಬಹುತೇಕ ಲಿನಕ್ಸ್‌ಗಳಲ್ಲಿ ಗ್ರಬ್ ಎಂದೂ ಹೆಸರು. ಬೂಟ್ ಲೋಡರ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು ಎಬ್ಬಿಸುತ್ತದೆ, ಕರ್ನಲ್ ತನ್ನದೇ ಡ್ರೈವರ್‌ಗಳ ಮೂಲಕ ಡಿಸ್ಕನ್ನು ಮತ್ತೊಮ್ಮೆ ಹೊಸದಾಗಿ ತೆರೆಯುತ್ತದೆ. ತಯಾರಕ ಕಂಪನಿಯ ಲೋಗೋ ಕಂಡ ಕೂಡಲೇ ‘ನೋ ಬೂಟಬಲ್ ಡಿವೈಸ್’ ಎಂದೋ ‘ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್’ ಎಂದೋ ಬಂದರೆ ಮೊದಲ ಕೈಯಲ್ಲೇ ತಪ್ಪಿದೆ. ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂಬ ಸಾಲೋ ಗ್ರಬ್ ರೆಸ್ಕ್ಯೂ ಎಂಬ ಕಪ್ಪು ಪರದೆಯೋ ಬಂದರೆ ಎರಡನೆಯದರಲ್ಲಿ ತಪ್ಪಿದೆ. ವಿಂಡೋಸ್ ಲೋಗೋ ಮೂಡಿ, ಚುಕ್ಕೆಗಳು ಒಂದಷ್ಟು ಸುತ್ತಿ, ಆಮೇಲೆ ನೀಲಿ ಪರದೆ ಬಂದರೆ ಮೂರನೆಯದರಲ್ಲಿ ತಪ್ಪಿದೆ. ಆದ್ದರಿಂದ ಯಾವ ಕೀಲಿಯನ್ನೂ ಒತ್ತುವ ಮೊದಲು ಆ ಪರದೆಯ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಹಂತ ಯಾವುದೇ ಆಗಿರಲಿ, ಮೊದಲ ಚಿಕಿತ್ಸೆ ಒಂದೇ: ಕೊನೆಯದಾಗಿ ಬದಲಿಸಿದ್ದನ್ನು ಹಿಂದಿನಂತೆಯೇ ಮಾಡುವುದು. ಯಂತ್ರವನ್ನು ಪೂರ್ತಿ ಆರಿಸಿ, ಮತ್ತೆ ಹಚ್ಚಿದೊಡನೆ ಡಿಲೀಟ್ ಅಥವಾ ಎಫ್2 ಕೀಲಿಯನ್ನು, ಎಚ್‌ಪಿ ಯಂತ್ರಗಳಲ್ಲಿ ಎಸ್ಕೇಪ್ ಅಥವಾ ಎಫ್10 ಕೀಲಿಯನ್ನು, ಬಿಟ್ಟು ಬಿಟ್ಟು ಒತ್ತುತ್ತಿದ್ದರೆ ಬಯೋಸ್ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ‘ಲೋಡ್ ಡಿಫಾಲ್ಟ್ಸ್’ ಎಂಬ ಆಯ್ಕೆ ಕೈಗೆ ಸುಲಭವಾಗಿ ಸಿಗುತ್ತದೆಯಾದರೂ ಅದನ್ನು ಒತ್ತುವುದು ಜಾಣತನವಲ್ಲ, ಏಕೆಂದರೆ ಅದು ಬದಲಾದ ಒಂದೇ ಆಯ್ಕೆಯನ್ನಲ್ಲದೆ ಸರಿಯಾಗಿದ್ದ ಇತರ ಆಯ್ಕೆಗಳನ್ನೂ ಕಾರ್ಖಾನೆಯ ಸ್ಥಿತಿಗೆ ಒಯ್ದು ಒಂದು ಗಂಟನ್ನು ನಾಲ್ಕು ಮಾಡುತ್ತದೆ.

ಹೀಗೆ ಏಳದೆ ಹೋಗುವ ಕಂಪ್ಯೂಟರ್‌ಗಳಲ್ಲಿ ಬಹಳಷ್ಟು ಸಾಟಾ ಮೋಡ್ ಎಂಬ ಆಯ್ಕೆಗೆ ಬಲಿಯಾದವು. ಡಿಸ್ಕನ್ನು ನಿಯಂತ್ರಿಸುವ ಕಂಟ್ರೋಲರ್ ಯಾವ ಭಾಷೆಯಲ್ಲಿ ಮಾತಾಡಬೇಕೆಂಬುದನ್ನು ಈ ಆಯ್ಕೆ ನಿರ್ಧರಿಸುತ್ತದೆ. ಐಡಿಇ ಎಂಬುದು ಹಳೆಯ ಡಿಸ್ಕ್‌ಗಳ ಕಾಲದ ರೀತಿ. ಎಎಚ್‌ಸಿಐ ಎಂಬುದು ಸಾಟಾ ಡಿಸ್ಕ್‌ಗಳಿಗಾಗಿ ಇಂಟೆಲ್ 2004ರಲ್ಲಿ ಪ್ರಕಟಿಸಿದ ರೀತಿ. ರೇಡ್ ಅಥವಾ ಆರ್‌ಎಸ್‌ಟಿ ಎಂಬುದು ಒಂದಕ್ಕಿಂತ ಹೆಚ್ಚು ಡಿಸ್ಕ್‌ಗಳನ್ನು ಜೋಡಿಸಬಲ್ಲ, ಇಂಟೆಲ್‌ನದೇ ಡ್ರೈವರ್ ಬೇಡುವ ರೀತಿ. ಇಂಟೆಲ್‌ನ 11ನೇ ಪೀಳಿಗೆಯಿಂದೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಆಯ್ಕೆ ವಿಎಂಡಿ ಎಂಬ ಹೆಸರಿನಲ್ಲಿ ಕಾಣಿಸುತ್ತದೆ. ಮೋಡ್ ಬದಲಿಸಿದ ಮಾತ್ರಕ್ಕೆ ಡಿಸ್ಕಿನ ಮೇಲೆ ಒಂದಕ್ಷರವೂ ಬರೆಯಲ್ಪಡುವುದಿಲ್ಲ, ಆದರೂ ವಿಂಡೋಸ್ ಏಳುವುದಿಲ್ಲ. ಕಾರಣವಿಷ್ಟೆ: ವಿಂಡೋಸ್ ತನ್ನನ್ನು ಅಳವಡಿಸಿದ ದಿನ ಯಾವ ಮೋಡ್ ಇತ್ತೋ ಅದರ ಡ್ರೈವರನ್ನು ಮಾತ್ರ ಆರಂಭದಲ್ಲೇ ಎಬ್ಬಿಸುವಂತೆ ಗುರುತು ಮಾಡಿಕೊಂಡು, ಬೇಡವಾದವನ್ನು ಮಲಗಿಸಿಟ್ಟಿರುತ್ತದೆ. ಬೂಟ್ ಮ್ಯಾನೇಜರ್ ಫರ್ಮ್‌ವೇರಿನ ಸಹಾಯದಿಂದ ಡಿಸ್ಕನ್ನು ಓದುವುದರಿಂದ ಅದಕ್ಕೆ ಅಡ್ಡಿಯಾಗುವುದಿಲ್ಲ, ಲೋಗೋ ಮೂಡುತ್ತದೆ. ಕರ್ನಲ್ ತನ್ನ ಕಾಲ ಮೇಲೆ ನಿಲ್ಲಬೇಕಾದ ಗಳಿಗೆಯಲ್ಲಿ ಬೇಕಾದ ಡ್ರೈವರ್ ಮಲಗಿರುವುದರಿಂದ, ತಾನೇ ಕುಳಿತಿರುವ ಡಿಸ್ಕ್ ತನಗೇ ಕಾಣದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ದೋಷದೊಂದಿಗೆ ನಿಂತುಬಿಡುತ್ತದೆ. ಹಳೆಯ ವಿಂಡೋಸ್‌ಗಳಲ್ಲಿ ಇದೇ ದೋಷ 0ಎಕ್ಸ್7ಬಿ ಎಂಬ ಸಂಖ್ಯೆಯ ರೂಪದಲ್ಲಿ ಕಾಣಿಸುತ್ತಿತ್ತು.

ವಿಂಡೋಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಪಕ್ಕದಲ್ಲೇ ಉಬುಂಟು ಹಾಕಲು ಹೊರಟವರು ಈ ಬಲೆಗೆ ಬೀಳುವುದು ಹೆಚ್ಚು. ಡಿಸ್ಕ್ ಆರ್‌ಎಸ್‌ಟಿ ಮೋಡ್‌ನಲ್ಲಿದ್ದರೆ ಉಬುಂಟುವಿನ ಇನ್‌ಸ್ಟಾಲರ್ ಆ ಮೋಡನ್ನು ನಿಷ್ಕ್ರಿಯಗೊಳಿಸಿ ಬರುವಂತೆ ಕೇಳುತ್ತದೆ; ಬಳಕೆದಾರರು ಬಯೋಸ್‌ಗೆ ಹೋಗಿ ಹಾಗೆಯೇ ಮಾಡುತ್ತಾರೆ; ಉಬುಂಟು ಸುಸೂತ್ರವಾಗಿ ಕೂರುತ್ತದೆ, ವಿಂಡೋಸ್ ಮಾತ್ರ ನೀಲಿ ಪರದೆ ತೋರಿಸುತ್ತದೆ. ಹೀಗಾದಾಗ ಬಯೋಸ್‌ನಲ್ಲಿ ಹಳೆಯ ಮೋಡನ್ನು ಮರಳಿಸಿದರೆ ವಿಂಡೋಸ್ ಮೊದಲಿನಂತೆ ಏಳುತ್ತದೆ. ಹೊಸ ಮೋಡ್ ಬೇಕೇ ಬೇಕೆನ್ನುವವರು, ವಿಂಡೋಸ್ 10 ಅಥವಾ 11 ಆಗಿದ್ದರೆ, ಸೇಫ್ ಮೋಡ್‌ನ ಒಂದು ಗುಣವನ್ನು ಉಪಯೋಗಿಸಿಕೊಳ್ಳಬಹುದು. ಕನಿಷ್ಠ ಸೌಲಭ್ಯಗಳೊಂದಿಗೆ ವಿಂಡೋಸನ್ನು ಎಬ್ಬಿಸುವ ಈ ವಿಧಾನದಲ್ಲಿ, ಮಲಗಿಸಿಟ್ಟ ಡಿಸ್ಕ್ ಡ್ರೈವರ್‌ಗಳಿಗೂ ಒಮ್ಮೆ ಅವಕಾಶ ಸಿಗುತ್ತದೆ.

ಅದಕ್ಕಾಗಿ ಹಳೆಯ ಮೋಡ್‌ನಲ್ಲೇ ವಿಂಡೋಸನ್ನು ತೆರೆದು, ಸ್ಟಾರ್ಟ್ ಮೆನುವಿನಲ್ಲಿ ಎಂಎಸ್‌ಕಾನ್ಫಿಗ್ ಎಂದು ಹುಡುಕಿ, ಅದರ ಬೂಟ್ ಪುಟದಲ್ಲಿ ‘ಸೇಫ್ ಬೂಟ್’ ಚೌಕಕ್ಕೆ ಗುರುತು ಹಾಕಿ, ‘ಮಿನಿಮಲ್’ ಎಂಬುದನ್ನು ಆರಿಸಿ ರೀಸ್ಟಾರ್ಟ್ ಮಾಡಬೇಕು. ಯಂತ್ರ ಮರಳಿ ಏಳುವಾಗ ವಿಂಡೋಸ್‌ವರೆಗೆ ಹೋಗಗೊಡದೆ ನೇರವಾಗಿ ಬಯೋಸ್‌ಗೆ ಹೋಗಿ, ಮೋಡನ್ನು ಎಎಚ್‌ಸಿಐಗೆ ಬದಲಿಸಿ, ಉಳಿಸಿ ಹೊರಬರಬೇಕು. ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆದುಕೊಂಡು ಹೊಸ ಡ್ರೈವರನ್ನು ತಾನೇ ಗುರುತಿಸಿಕೊಳ್ಳುತ್ತದೆ. ಆಮೇಲೆ ಎಂಎಸ್‌ಕಾನ್ಫಿಗ್‌ನ ಆ ಗುರುತನ್ನು ತೆಗೆದು ಇನ್ನೊಮ್ಮೆ ರೀಸ್ಟಾರ್ಟ್ ಮಾಡಿದರೆ ಕೆಲಸ ಮುಗಿಯಿತು. ಇಲ್ಲಿ ಒಂದು ಸೂಕ್ಷ್ಮವಿದೆ: ದಿನವೂ ನಾಲ್ಕಂಕಿಯ ಪಿನ್ ಹಾಕಿ ಒಳಹೋಗುವವರಿಗೆ ಸೇಫ್ ಮೋಡ್‌ನಲ್ಲಿ ಆ ಪಿನ್ ನಡೆಯದೆ ಹೋಗಬಹುದು, ಆದ್ದರಿಂದ ಖಾತೆಯ ನಿಜವಾದ ಪಾಸ್‌ವರ್ಡ್ ಏನೆಂಬುದನ್ನು ಮೊದಲೇ ಖಾತರಿ ಮಾಡಿಕೊಂಡಿರಬೇಕು. ಹಳೆಯ ಮೋಡ್ ಯಾವುದಿತ್ತೆಂಬುದೇ ಮರೆತುಹೋಗಿದ್ದರೆ, ಸತತ ಎರಡು ಸಲ ಏಳಲು ಸೋತ ವಿಂಡೋಸ್ ತಾನಾಗಿಯೇ ತೋರಿಸುವ ರಿಪೇರಿ ಪರದೆಯಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂಬ ದಾರಿಯಲ್ಲಿ ಹೋಗಿ, ರೀಸ್ಟಾರ್ಟ್ ಆದ ಮೇಲೆ 4 ಎಂಬ ಅಂಕಿಯನ್ನು ಒತ್ತಿಯೂ ಸೇಫ್ ಮೋಡ್ ತಲುಪಬಹುದು.

ಈ ಉಪಾಯ ಎಲ್ಲರಿಗೂ ಅಲ್ಲ. ಎರಡು ಡಿಸ್ಕ್‌ಗಳನ್ನು ನಿಜವಾಗಿಯೂ ರೇಡ್‌ನಲ್ಲಿ ಕೂಡಿಸಿ ಒಂದಾಗಿ ಬಳಸುತ್ತಿದ್ದರೆ, ಅಥವಾ ಡಿಸ್ಕಿನ ವೇಗ ಹೆಚ್ಚಿಸಲು ಇಂಟೆಲ್‌ನ ಆಪ್ಟೇನ್ ಮೆಮೊರಿಯನ್ನು ಜೋಡಿಸಿದ್ದರೆ, ಕಡತಗಳ ತುಂಡುಗಳು ಎರಡೂ ಕಡೆ ಹಂಚಿಹೋಗಿರುವುದರಿಂದ, ಆ ಜೋಡಣೆಯನ್ನು ಇಂಟೆಲ್‌ನ ತಂತ್ರಾಂಶದೊಳಗಿನಿಂದ ಕ್ರಮವಾಗಿ ಬಿಡಿಸದೆ ಮೋಡನ್ನು ಮುಟ್ಟಲೇಬಾರದು.

ಕರ್ನಾಟಕದ ಡಿಟಿಪಿ ಕೇಂದ್ರಗಳಲ್ಲಿ ಪೇಜ್‌ಮೇಕರ್ ಮತ್ತು ಯೂನಿಕೋಡ್ ಪೂರ್ವದ ಕನ್ನಡ ಫಾಂಟ್‌ಗಳಿಗಾಗಿಯೇ ಉಳಿಸಿಕೊಂಡ ವಿಂಡೋಸ್ ಎಕ್ಸ್‌ಪಿ ಅಥವಾ 7ರ ಯಂತ್ರಗಳದು ಬೇರೆಯೇ ಕಥೆ. ಎಕ್ಸ್‌ಪಿಯಲ್ಲಿ ಎಎಚ್‌ಸಿಐ ಡ್ರೈವರ್ ಹುಟ್ಟಿನಿಂದಲೇ ಇಲ್ಲ, ಆದ್ದರಿಂದ ಮದರ್‌ಬೋರ್ಡ್ ಬದಲಿಸಿ ಹಳೆಯ ಡಿಸ್ಕನ್ನೇ ಕೂರಿಸಿದಾಗ 0ಎಕ್ಸ್7ಬಿ ಬಂದರೆ ಬಯೋಸ್‌ನಲ್ಲಿ ಐಡಿಇ ಅಥವಾ ಕಂಪ್ಯಾಟಿಬಲ್ ಎಂಬ ಮೋಡ್ ಇದೆಯೇ ಎಂದು ನೋಡುವುದೇ ಮೊದಲ ದಾರಿ. ವಿಂಡೋಸ್ 7ರಲ್ಲಿ ಡ್ರೈವರ್ ಇದೆ, ಮಲಗಿದೆ, ಸೇಫ್ ಮೋಡ್‌ಗೂ ಅದು ಏಳುವುದಿಲ್ಲ. ಹಳೆಯ ಮೋಡ್‌ನಲ್ಲಿರುವಾಗಲೇ ರಿಜಿಸ್ಟ್ರಿಯ ಸರ್ವಿಸಸ್ ವಿಭಾಗದಲ್ಲಿ ಎಂಎಸ್‌ಎಎಚ್‌ಸಿಐ ಎಂಬ ಹೆಸರಿನಡಿಯ ಸ್ಟಾರ್ಟ್ ಬೆಲೆಯನ್ನು 3ರಿಂದ 0ಗೆ ಬದಲಿಸಿ, ಆನಂತರ ಮೋಡ್ ಬದಲಿಸಬೇಕಾಗುತ್ತದೆ.

ಯಾರೂ ಏನನ್ನೂ ಬದಲಿಸದೆಯೇ ಸೆಟ್ಟಿಂಗ್ ಬದಲಾಗುವುದೂ ಇದೆ. ಬಯೋಸ್ ಆಯ್ಕೆಗಳನ್ನೂ ಗಡಿಯಾರವನ್ನೂ ಕಾಯುವ, ನಾಣ್ಯದಾಕಾರದ 3 ವೋಲ್ಟ್‌ನ ಸಿಆರ್2032 ಸೆಲ್ ಕೆಲವು ವರ್ಷಗಳ ಮೇಲೆ ಸೋತುಹೋದಾಗ, ಹಳೆಯ ಯಂತ್ರಗಳಲ್ಲಿ ಎಲ್ಲ ಆಯ್ಕೆಗಳೂ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ಏಳದಿದ್ದು, ಬಯೋಸ್‌ನಲ್ಲಿ ದಿನಾಂಕ ಹತ್ತಾರು ವರ್ಷ ಹಿಂದಿನದನ್ನು ತೋರಿಸುತ್ತಿದ್ದರೆ, ಅದು ಡಿಸ್ಕಿನ ರೋಗವಲ್ಲ, ಸೆಲ್ಲಿನದು. ಸಾಮಾನ್ಯ ಅಂಗಡಿಯಲ್ಲೂ ಸಿಗುವ ಆ ಸೆಲ್ಲನ್ನು, ವಿದ್ಯುತ್ ತಂತಿ ಕಳಚಿ, ಬದಲಿಸಿ, ಮೋಡನ್ನು ಸರಿಪಡಿಸಿದರೆ ಸಾಕು.

ಬಯೋಸ್ ಬದಲಿಸಿದ ಕೂಡಲೇ ವಿಂಡೋಸ್ ಬದಲು ನೀಲಿ ಪರದೆಯ ಮೇಲೆ 48 ಅಂಕಿಗಳ ಕೀಲಿಯನ್ನು ಕೇಳುವ ಬಿಟ್‌ಲಾಕರ್ ಕಂಡುಬಂದರೆ ಗಾಬರಿಪಡಬೇಕಾಗಿಲ್ಲ, ಆದರೆ ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಬಿಟ್‌ಲಾಕರ್ ಎಂದರೆ ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿ ಇಡುವ ವ್ಯವಸ್ಥೆ. ಟಿಪಿಎಂ ಎಂಬ ಭದ್ರತಾ ಚಿಪ್ ಬೀಗದ ಕೈಯನ್ನು ಇಟ್ಟುಕೊಂಡು, ಯಂತ್ರದ ಸ್ಥಿತಿ ಮೊದಲಿನಂತೆಯೇ ಇದೆಯೆಂದು ಖಾತರಿಯಾದರೆ ಮಾತ್ರ ಅದನ್ನು ಹೊರಗೆ ಕೊಡುತ್ತದೆ. ಸೆಟ್ಟಿಂಗ್ ಮರಳಿಸಿದರೆ ಎಷ್ಟೋ ಸಲ ಬೀಗ ತಾನಾಗಿಯೇ ತೆರೆಯುತ್ತದೆ. ತೆರೆಯದಿದ್ದರೆ, ಯಂತ್ರಕ್ಕೆ ಜೋಡಿಸಿದ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲಿನಿಂದ ಲಾಗಿನ್ ಆಗಿ, ಪರದೆಯ ಮೇಲಿರುವ ಕೀ ಐಡಿಗೆ ಹೊಂದುವ ಕೀಲಿಯನ್ನು ಅಲ್ಲಿ ಹುಡುಕಬೇಕು. ಕಚೇರಿಯ ಅಥವಾ ಕಾಲೇಜಿನ ಲ್ಯಾಪ್‌ಟಾಪ್ ಆಗಿದ್ದರೆ ಅದು ಅಲ್ಲಿನ ಐಟಿ ವಿಭಾಗದ ಬಳಿ ಇರುತ್ತದೆ. ಈ ಕೀಲಿ ಎಲ್ಲೂ ಇಲ್ಲವಾದರೆ ಆ ಡಿಸ್ಕಿನ ಕಡತಗಳನ್ನು ಯಾವ ಅಂಗಡಿಯವರೂ ತೆಗೆದುಕೊಡಲಾರರು, ತೆಗೆದುಕೊಡುತ್ತೇವೆಂದು ಹಣ ಕೇಳುವವರನ್ನು ನಂಬಬಾರದು. ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ಮಾಲೀಕರಿಗೆ ಗೊತ್ತೇ ಇಲ್ಲದೆ ಬಿದ್ದಿರುತ್ತದೆ. ಹೀಗಿರುವಾಗ ಬಯೋಸ್‌ಗೆ ಕೈ ಹಾಕುವ ಮೊದಲು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ‘ಸಸ್ಪೆಂಡ್’ ಆಯ್ಕೆ ಇದ್ದರೆ ಅದನ್ನು ಒತ್ತಿ, ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದೇ ಸರಿಯಾದ ಕ್ರಮ.

ಫರ್ಮ್‌ವೇರಿಗೆ ಡಿಸ್ಕ್ ಕಂಡರೂ ಬೂಟ್ ಲೋಡರ್ ಸಿಗದಿರುವುದಕ್ಕೆ ಪಾರ್ಟಿಶನ್ ಪದ್ಧತಿಯ ಹೊಂದಾಣಿಕೆ ತಪ್ಪಿರುವುದು ಮುಖ್ಯ ಕಾರಣ. ಪಾರ್ಟಿಶನ್ ಟೇಬಲ್ ಎಂಬುದು ಡಿಸ್ಕಿನ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಜಮೀನಿನ ಚಕ್ಕುಬಂದಿಯಂಥದು; ಕಾಗದ ಕಳೆದರೆ ಗಡಿ ತಿಳಿಯದಾಗುತ್ತದೆಯೇ ಹೊರತು ಹೊಲ ಎಲ್ಲಿಗೂ ಹೋಗುವುದಿಲ್ಲ. ಎಂಬಿಆರ್ ಎಂಬ ಹಳೆಯ ಪದ್ಧತಿ ಇದಕ್ಕಾಗಿ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಬರೇ 64 ಬೈಟ್‌ಗಳನ್ನು ಇಟ್ಟುಕೊಂಡು, ನಾಲ್ಕು ಮುಖ್ಯ ಪಾರ್ಟಿಶನ್‌ಗಳಿಗೂ ಸುಮಾರು 2 ಟೆರಾಬೈಟ್ ಗಾತ್ರಕ್ಕೂ ಸೀಮಿತವಾಗಿರುತ್ತದೆ. ಜಿಪಿಟಿ ಎಂಬ ಹೊಸ ಪದ್ಧತಿಯು ಟೇಬಲ್ಲಿನ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲೂ ಇಡುತ್ತದೆ. ಬಯೋಸ್‌ನಲ್ಲಿ ಲೆಗಸಿ ಅಥವಾ ಸಿಎಸ್‌ಎಂ ಎಂಬುದು ಎಂಬಿಆರ್‌ಗೆ ಒಗ್ಗುವ ರೀತಿ, ಯುಇಎಫ್‌ಐ ಎಂಬುದು ಜಿಪಿಟಿಗೆ ಒಗ್ಗುವ ರೀತಿ. ಡಿಸ್ಕ್ ಒಂದು ಬಗೆಯದಾಗಿದ್ದು ಬಯೋಸ್ ಇನ್ನೊಂದು ಬಗೆಯಲ್ಲಿದ್ದರೆ ಎರಡೂ ಆರೋಗ್ಯವಾಗಿದ್ದರೂ ಯಂತ್ರ ಏಳುವುದಿಲ್ಲ. ವಿಂಡೋಸ್ 11ಕ್ಕೆ ಏರಲು ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಡಿಸ್ಕನ್ನು ಜಿಪಿಟಿಗೆ ಪರಿವರ್ತಿಸಿದ ಬಳಿಕ ಬಯೋಸನ್ನು ಯುಇಎಫ್‌ಐಗೆ ಬದಲಿಸಲು ಮರೆಯುವುದು ಇದಕ್ಕೊಂದು ಸಾಮಾನ್ಯ ನಿದರ್ಶನ.

ಹೊಂದಾಣಿಕೆ ಸರಿಯಿದ್ದೂ ‘0ಎಕ್ಸ್‌ಸಿ000000ಇ’ ಅಥವಾ ‘0ಎಕ್ಸ್‌ಸಿ0000225’ ಎಂಬ ಸಂಖ್ಯೆ ಬಂದರೆ, ವಿಂಡೋಸ್ ಎಲ್ಲಿದೆಯೆಂದು ಬರೆದಿಡುವ ಬಿಸಿಡಿ ಎಂಬ ಕಡತ ಹಳೆಯ ವಿಳಾಸವನ್ನೇ ಹೇಳುತ್ತಿದೆ ಎಂದು ತಿಳಿಯಬಹುದು. ಇನ್ನೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿಯ ಪೆನ್‌ಡ್ರೈವ್ ಒಂದನ್ನು ತಯಾರಿಸಿ, ಅದರಿಂದ ಯಂತ್ರವನ್ನು ಎಬ್ಬಿಸಿ, ‘ಇನ್‌ಸ್ಟಾಲ್’ ಒತ್ತದೆ ‘ರಿಪೇರ್ ಯುವರ್ ಕಂಪ್ಯೂಟರ್’ ಎಂಬುದನ್ನು ಆರಿಸಿದರೆ ಸ್ಟಾರ್ಟಪ್ ರಿಪೇರ್ ಎಂಬ ಸ್ವಯಂಚಾಲಿತ ಪ್ರಯತ್ನ ಸಿಗುತ್ತದೆ. ಅದು ಕೈಚೆಲ್ಲಿದರೆ ಕಮಾಂಡ್ ಪ್ರಾಂಪ್ಟ್ ತೆರೆದು ಡಿಸ್ಕ್‌ಪಾರ್ಟ್ ಎಂಬ ಸಾಧನದಲ್ಲಿ ‘ಲಿಸ್ಟ್ ವಾಲ್ಯೂಮ್’ ಎಂದು ಕೇಳಬೇಕು. ಸಾಮಾನ್ಯವಾಗಿ 100 ಎಂಬಿಯ ಆಸುಪಾಸಿನ, ಫ್ಯಾಟ್32 ಎಂದು ತೋರುವ ಚಿಕ್ಕ ಭಾಗವೇ ಬೂಟ್ ಕಡತಗಳಿರುವ ಇಎಸ್‌ಪಿ. ಅದನ್ನು ‘ಸೆಲೆಕ್ಟ್ ವಾಲ್ಯೂಮ್’ ಎಂಬ ಆದೇಶದಿಂದ ಆರಿಸಿ, ‘ಅಸೈನ್ ಲೆಟರ್’ ಎಂಬುದರಿಂದ ಎಸ್ ಎಂಬ ಅಕ್ಷರ ಕೊಡಬೇಕು. ಪೆನ್‌ಡ್ರೈವ್‌ನಿಂದ ಎದ್ದಾಗ ಸಿ ಡ್ರೈವ್ ಎಂದು ತೋರುವುದು ನಿಜವಾದ ಸಿ ಆಗಿರಲೇಬೇಕೆಂದಿಲ್ಲ, ವಿಂಡೋಸ್ ಫೋಲ್ಡರ್ ಯಾವುದರಲ್ಲಿದೆಯೆಂದು ಕಣ್ಣಾರೆ ನೋಡಿಕೊಳ್ಳಬೇಕು. ಅದು ಸಿ ಎಂದೇ ಆದರೆ, ಡಿಸ್ಕ್‌ಪಾರ್ಟ್‌ನಿಂದ ಹೊರಬಂದು ಬಿಸಿಡಿಬೂಟ್ ಎಂಬ ಆದೇಶಕ್ಕೆ ಆ ಫೋಲ್ಡರಿನ ವಿಳಾಸವನ್ನೂ, ಓರೆಗೆರೆ ಎಸ್‌ನ ಮುಂದೆ ಎಸ್ ಡ್ರೈವ್ ಎಂಬುದನ್ನೂ, ಓರೆಗೆರೆ ಎಫ್‌ನ ಮುಂದೆ ಯುಇಎಫ್‌ಐ ಎಂಬುದನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಟ್ಟು ಕೊಟ್ಟರೆ ಬೂಟ್ ಕಡತಗಳು ಹೊಸದಾಗಿ ಬರೆಯಲ್ಪಡುತ್ತವೆ. ಡಿಸ್ಕ್‌ಪಾರ್ಟ್‌ನಲ್ಲಿ ‘ಕ್ಲೀನ್’ ಎಂಬ ಇನ್ನೊಂದು ಆದೇಶವಿದೆ. ಹೆಸರು ಕೇಳಿ ಶುಚಿಗೊಳಿಸುವುದೆಂದು ಭಾವಿಸಿ ಬಳಸಿದರೆ ಡಿಸ್ಕಿನ ಪಾರ್ಟಿಶನ್‌ಗಳೆಲ್ಲವೂ ಒಂದೇ ಏಟಿಗೆ ಹೋಗುತ್ತವೆ.

ಲಿನಕ್ಸ್‌ನಲ್ಲಿ ರೋಗ ಅದೇ ಆದರೂ ಲಕ್ಷಣ ಬೇರೆ. ಲಿನಕ್ಸ್ ಬೇಡವೆಂದು ಅದರ ಪಾರ್ಟಿಶನನ್ನು ವಿಂಡೋಸ್‌ನಿಂದ ಅಳಿಸಿದವರಿಗೆ ಮುಂದಿನ ಸಲ ಗ್ರಬ್‌ನ ಕಪ್ಪು ಪರದೆ ಎದುರಾಗುತ್ತದೆ. ಯುಇಎಫ್‌ಐ ಯಂತ್ರಗಳಲ್ಲಿ ಎಫ್12 ಅಥವಾ ಎಫ್9 ಒತ್ತಿ ಬೂಟ್ ಮೆನುವಿನಿಂದ ವಿಂಡೋಸ್ ಬೂಟ್ ಮ್ಯಾನೇಜರನ್ನು ಆರಿಸಿ, ಆಮೇಲೆ ಬಯೋಸ್‌ನಲ್ಲಿ ಅದನ್ನೇ ಮೊದಲ ಸ್ಥಾನಕ್ಕೆ ತಂದರೆ ಸಮಸ್ಯೆ ಕಳೆಯುತ್ತದೆ. ಲಿನಕ್ಸ್ ಇದ್ದೂ ಏಳದೆ, ಸುಮಾರು ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಬಿದ್ದರೆ, ಎಫ್‌ಎಸ್‌ಟ್ಯಾಬ್ ಎಂಬ ಕಡತದ ಕಡೆ ನೋಡಬೇಕು. ಯಾವ ಪಾರ್ಟಿಶನನ್ನು ಎಲ್ಲಿ ಜೋಡಿಸಬೇಕೆಂಬ ಈ ಪಟ್ಟಿಯಲ್ಲಿ ಪ್ರತಿ ಪಾರ್ಟಿಶನ್ನಿಗೂ ಯುಯುಐಡಿ ಎಂಬ ಗುರುತು ಸಂಖ್ಯೆ ಇರುತ್ತದೆ, ಫಾರ್ಮ್ಯಾಟ್ ಮಾಡಿದಾಗ ಆ ಸಂಖ್ಯೆ ಬದಲಾಗುತ್ತದೆ, ಪಟ್ಟಿಯಲ್ಲಿ ಮಾತ್ರ ಹಳೆಯದೇ ಉಳಿಯುತ್ತದೆ. ಲೈವ್ ಪೆನ್‌ಡ್ರೈವ್‌ನಿಂದ ಎದ್ದು, ಬಿಎಲ್‌ಕೆಐಡಿ ಎಂಬ ಆದೇಶ ತೋರಿಸುವ ಈಗಿನ ಸಂಖ್ಯೆಯನ್ನು ಅಲ್ಲಿ ತುಂಬಬೇಕು, ಇಲ್ಲವೇ ಆ ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆ ಹಾಕಿ ಅದನ್ನು ನಿಷ್ಕ್ರಿಯಗೊಳಿಸಬೇಕು. ಇದ್ದರೆ ಒಳ್ಳೆಯದು ಇಲ್ಲದಿದ್ದರೂ ನಡೆಯುತ್ತದೆ ಎನ್ನುವಂಥ ಎರಡನೆಯ ಡಿಸ್ಕಿನ ಸಾಲಿಗೆ ‘ನೋಫೇಲ್’ ಎಂಬ ಪದ ಸೇರಿಸಿದರೆ ಮುಂದೆಂದೂ ಅದರ ಸಲುವಾಗಿ ಇಡೀ ಯಂತ್ರ ನಿಲ್ಲುವುದಿಲ್ಲ.

ಪಾರ್ಟಿಶನ್ ಟೇಬಲ್ಲೇ ಅಳಿದುಹೋಗಿದ್ದರೆ ಮಾತ್ರ ವಿಷಯ ಗಂಭೀರ. ಕ್ರಿಸ್ತೋಫ್ ಗ್ರೆನಿಯೇ ರೂಪಿಸಿದ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವು ಡಿಸ್ಕನ್ನು ಆದ್ಯಂತ ಓದಿ, ಕಳೆದ ಪಾರ್ಟಿಶನ್‌ಗಳ ಗಡಿಗಳನ್ನು ಅವುಗಳ ಒಳಗಿನ ಗುರುತುಗಳಿಂದ ಮರಳಿ ಕಂಡುಹಿಡಿಯುತ್ತದೆ. ಸಿಕ್ಕ ಪಾರ್ಟಿಶನ್ನಿನ ಮೇಲೆ ಪಿ ಕೀಲಿ ಒತ್ತಿ ಒಳಗಿನ ಕಡತಗಳು ಕಾಣುತ್ತವೆಯೇ ಎಂದು ನೋಡಿ, ಕಂಡರೆ ಅವನ್ನು ಮೊದಲು ಬೇರೆ ಡಿಸ್ಕಿಗೆ ನಕಲಿಸಿ, ಆಮೇಲಷ್ಟೇ ಟೇಬಲ್ ಬರೆಯುವ ಆದೇಶ ಕೊಡಬೇಕು. ಎಸ್‌ಎಸ್‌ಡಿಯನ್ನು ಒಮ್ಮೆ ಫಾರ್ಮ್ಯಾಟ್ ಮಾಡಿದ್ದರೆ, ಖಾಲಿಯಾದ ಜಾಗವನ್ನು ಡಿಸ್ಕ್ ತಾನೇ ತೊಳೆದುಬಿಡುವ ಟ್ರಿಮ್ ವ್ಯವಸ್ಥೆಯಿಂದಾಗಿ, ಮರಳಿ ಸಿಗುವ ಸಾಧ್ಯತೆ ತೀರ ಕಡಿಮೆ.

ಇಷ್ಟೆಲ್ಲ ಸ್ವತಃ ಮಾಡಲಾಗದೆ ಯಂತ್ರವನ್ನು ಅಂಗಡಿಗೆ ಒಯ್ಯುವವರು ಏನನ್ನು ಬದಲಿಸಿದ ಮೇಲೆ ಹೀಗಾಯಿತೆಂಬುದನ್ನು ಮುಚ್ಚಿಡದೆ ಹೇಳಿ, ದೋಷದ ಪರದೆಯ ಫೋಟೊ ತೋರಿಸಿ, ತಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಕೂಡದೆಂದು ಕೊಟ್ಟ ರಸೀದಿಯ ಮೇಲೆಯೇ ಬರೆಸಿಕೊಂಡು ಬರಬೇಕು.